ಬಾಹ್ಯಾಕಾಶದಲ್ಲಿ ಅಡಗಲು ಜಾಗ ಎಲ್ಲಿದೆ?

ಬೇಕಲ ಕೋಟೆಗೆ ಬಂದವರಲ್ಲಿ ಹೆಚ್ಚಿನವರು ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಾರೆ. ನಾನು ಗೋಡೆಯ ಕಿಂಡಿಗಳ ಮುಂದೆ ಬಗ್ಗುವವನು. ಮೇಲಿನ ಕಿಂಡಿ ದೂರದ ಗುರಿಗೆ, ಅದರ ಕೆಳಗಿನದ್ದು ಹತ್ತಿರ ಬಂದವರಿಗೆ, ತೀರಾ ಕೆಳಗಿನದ್ದು ಗೋಡೆಯ ಬುಡಕ್ಕೇ ಬಂದವರಿಗೆ. ಯುದ್ಧನೌಕೆಯ ಹುಚ್ಚಿರುವವನಿಗೆ ಇದು ಸುಮ್ನೆ ಕಲ್ಲಿನ ತೂತಲ್ಲ.

"ದೂರ ಅಂದ್ರೆ ಎಷ್ಟು ದೂರ ಮಾವ?" ಅಂತ ಅಳಿಯ ಕೇಳಿದ. ಹೊತ್ತುಗೊತ್ತಿಲ್ಲದೆ ಬಾಹ್ಯಾಕಾಶ ಯುದ್ಧದ ಕತೆ ಓದುವ ಹುಡುಗ.

ತೋಪಿನ ಮಾತು ಬಿಡಿ, ಕಣ್ಣಿಗೇ ಒಂದು ಮಿತಿ ಇದೆ. ಭೂಮಿ ದುಂಡಗಿದೆಯಲ್ವಾ? ಮೀಟರ್ ಲೆಕ್ಕದ ಎತ್ತರದ ವರ್ಗಮೂಲಕ್ಕೆ ಸುಮಾರು 3.57 ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ನೀರಂಚಿನಲ್ಲಿ ನಿಂತವನಿಗೆ ಐದು ಕಿಲೋಮೀಟರೂ ಇಲ್ಲ. 40 ಮೀಟರ್ ಮೇಲೇರಿದರೆ 22 ದಾಟುತ್ತದೆ. ಅಡಿಕೆ ಮರ ಹತ್ತಿದವನಿಗೆ ಪಕ್ಕದ ತೋಟ ಕಾಣುವ ಹಾಗೆ.

ನೌಕಾಯುದ್ಧದ ಅರ್ಧ ಕತೆ ಈ ಗೆರೆಯದ್ದೇ. 1940ರ ಜುಲೈ 9ರಂದು ಬ್ರಿಟನ್ನಿನ ವಾರ್‌ಸ್ಪೈಟ್ ಸುಮಾರು 24 ಕಿಲೋಮೀಟರ್ ದೂರದಿಂದ ಇಟಲಿಯ ಜೂಲಿಯೊ ಚೆಸಾರೆಗೆ ಗುಂಡು ತಾಗಿಸಿತು. ಚಲಿಸುವ ಹಡಗಿನಿಂದ ಚಲಿಸುವ ಹಡಗಿಗೆ! ಜಪಾನಿನ ಯಮಾಟೊದ 46 ಸೆಂಟಿಮೀಟರ್ ತೋಪುಗಳು 42 ಕಿಲೋಮೀಟರ್ ಹೊಡೆಯಬಲ್ಲವಾಗಿದ್ದವು. ಅಷ್ಟು ದೂರದಲ್ಲಿ ಗುಂಡು ಎಲ್ಲಿ ಬಿತ್ತು ಅಂತ ನೋಡುವವರು ಯಾರು? ಅದಕ್ಕೇ ಆ ಹಡಗಿನಲ್ಲಿ ಪುಟ್ಟ ವಿಮಾನಗಳೂ ಇದ್ದವು. ರಾಡಾರ್ ಬಂದ ಮೇಲೂ ಗೆರೆ ಅಳಿಸಲಿಲ್ಲ, ದಿಗಂತದ ಕೆಳಗಿನದ್ದು ಹಡಗಿನ ರಾಡಾರಿಗೂ ಕಾಣಲ್ಲ. 1982ರಲ್ಲಿ ಅರ್ಜೆಂಟೀನಾದ ವಿಮಾನಗಳು ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಬಂದು ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಎಕ್ಸೋಸೆಟ್ ಕ್ಷಿಪಣಿ ಬಿಟ್ಟವು.

ನನಗೆ ಎಲ್ಲಕ್ಕಿಂತ ಇಷ್ಟ 1971ರದ್ದು. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಅಂಡಮಾನಿನಲ್ಲಿ ಅಡಗಿತ್ತು. ಹಳೆಯ ರಜಪೂತ್ ಹಡಗು ವಿಶಾಖಪಟ್ಟಣದ ಕಡೆಯಿಂದ ರಾಶಿ ರಾಶಿ ವೈರ್‌ಲೆಸ್ ಸಂದೇಶ ಕಳಿಸಿ ತಾನೇ ವಿಕ್ರಾಂತ್ ಅಂತ ನಟಿಸಿತು. ವಿಕ್ರಾಂತನ್ನು ಹುಡುಕಿ ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಅಲ್ಲೇ ಮುಳುಗಿತು.

ಈಗ ಅಳಿಯನ ಕತೆಗಳಿಗೆ ಬರೋಣ. ಅವುಗಳಲ್ಲಿ ಹಡಗು ಇದೆ, ಕ್ಯಾಪ್ಟನ್ ಇದ್ದಾನೆ, ಹೊಂಚು ಹಾಕಿ ಹೊಡೆಯುವುದೂ ಇದೆ. ಆದರೆ ದಿಗಂತವೇ ಇಲ್ಲ! ನಿರ್ವಾತದಲ್ಲಿ ಇಂಜಿನ್ನಿನ ಬಿಸಿಯನ್ನು ಒಯ್ಯಲು ಗಾಳಿಯಿಲ್ಲ, ನೀರಿಲ್ಲ. ಎಲ್ಲವನ್ನೂ ಅವಗೆಂಪು ಕಿರಣವಾಗಿಯೇ ಹೊರಗೆ ಬಿಡಬೇಕು. ಸುತ್ತ ಮೈನಸ್ 270 ಡಿಗ್ರಿ ಚಳಿ. ಅದರ ನಡುವೆ ಬೆಚ್ಚಗಿನ ಹಡಗು ಎಷ್ಟೋ ದೂರಕ್ಕೆ ಹೊಳೆಯುತ್ತದೆ. ದೀಪ ಆರಿಸಿ ಸದ್ದಿಲ್ಲದೆ ಸಾಗುವ ನೌಕೆ ಓದಲು ಚೆಂದ, ಆದರೆ ನನಗಂತೂ ನಂಬಿಕೆ ಬರಲ್ಲ.

"ಚಂದ್ರನ ಹಿಂದೆ ಅಡಗಿದ್ರೆ?" ಅಂದ. ಒಳ್ಳೆ ಪ್ರಶ್ನೆ. ಆಗ ದಿಗಂತ ಮತ್ತೆ ಸಿಕ್ಕಿತು.

"ಸರಿ ಮಾರಾಯ, ಆಚೆ ಬರುವ ಶತ್ರು ನಿನಗೆ ಹೇಗೆ ಕಾಣ್ತಾನೆ?"

"ಒಂದು ಸಣ್ಣ ಬೇಹು ನೌಕೆ ಮುಂದೆ ಕಳಿಸೋದು."

ಯಮಾಟೊದವರೂ ಅದನ್ನೇ ಮಾಡಿದ್ದು. ಆದರೆ ಆ ಸಣ್ಣ ನೌಕೆಯೂ ಬಿಸಿಯಾಗುತ್ತದಲ್ಲ? ಸದ್ಯ ಅದಕ್ಕೆ ಇಂಜಿನ್ನೇ ಬೇಡ, ಚಂದ್ರನ ಸುತ್ತ ತಾನಾಗಿ ತಿರುಗಲಿ ಅಂತ ಹಟ ಹಿಡಿದಿದ್ದಾನೆ.