ಜೋರಾಗಿ ಕೆಮ್ಮಿ

ಸೀನಿದರೆ, ನಕ್ಕರೆ ಮೂತ್ರ ಸೋರುತ್ತೆ ಅಂತ ಡಾಕ್ಟರ ಹತ್ತಿರ ಹೋಗಿದ್ದೆ. ಮೂತ್ರ ಮಾಡಿ ಬರಬೇಡಿ, ತಡೆದುಕೊಂಡೇ ಬನ್ನಿ ಅಂತ ಮೊದಲೇ ಹೇಳಿದ್ದರು. ಹೊರಗೆ ಕಾಯುತ್ತ ಕೂತಾಗಲೇ ನನಗೆ ಸಾಕುಸಾಕಾಗಿತ್ತು. ಒಳಗೆ ಕರೆದು ಮಲಗಿಸಿ, ಡಾಕ್ಟರು "ಈಗ ಜೋರಾಗಿ ಕೆಮ್ಮಿ" ಅಂದರು. ಬೇಡದಾಗೆಲ್ಲ ಬರುವ ಕೆಮ್ಮು ಅಲ್ಲಿ ಬರಲೊಲ್ಲದು. ಒತ್ತಾಯಕ್ಕೆ ಕೆಮ್ಮಿದೆ. ಅಡಿಗೆ ಹಾಸಿದ್ದ ಹಾಳೆ ಒದ್ದೆಯಾಯಿತು. "ಸರಿ, ಎದ್ದು ಹೋಗಿ ಬನ್ನಿ" ಅಂತ ಏನೂ ಆಗಿಲ್ಲವೆಂಬಂತೆ ಬರೆದುಕೊಂಡರು.

ಅವರ ಮುಂದಿನ ಮಾತು, ತೂಕ ಇಳಿಸಬೇಕು ಅಂತ. ನನಗೆ ಸಿಟ್ಟು ನೆತ್ತಿಗೇರಿತು. ಮಂಡಿ ನೋವಿಗೂ ತೂಕ, ಗೊರಕೆಗೂ ತೂಕ, ಈಗ ಇದಕ್ಕೂನಾ? ನಮ್ಮಕ್ಕ ಕಡ್ಡಿಯ ಹಾಗಿದ್ದಾಳೆ, ಸೀನಿದರೆ ಅವಳಿಗೂ ಸೋರುತ್ತೆ ಅಂತ ವಾದಕ್ಕಿಳಿದೆ. ಡಾಕ್ಟರು ಅಲ್ಲಗಳೆಯಲಿಲ್ಲ. ಹೆರಿಗೆ, ಮುಟ್ಟು ನಿಲ್ಲುವ ಹೊತ್ತಿಗೆ ಇಳಿಯುವ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು, ಮಲಬದ್ಧತೆ, ಬಿಡದ ಕೆಮ್ಮು, ಎಲ್ಲದಕ್ಕೂ ಇದರಲ್ಲಿ ಪಾಲಿದೆಯಂತೆ. ಆದರೆ ಹೊಟ್ಟೆಯಲ್ಲಿ ಕೊಬ್ಬು ಸೇರಿದಾಗ ಒಳಗಿನ ಒತ್ತಡ ಸುಮ್ಮನೆ ಕೂತಿದ್ದಾಗಲೂ ಹೆಚ್ಚೇ ಇರುತ್ತದೆ. ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಹಗಲೆಲ್ಲ ಆ ಭಾರ ಹೊತ್ತು ಸೋತಿರುತ್ತವೆ. ಅದರ ಮೇಲೊಂದು ಸೀನು ಬಂದರೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಎಷ್ಟು ಇಳಿಸಬೇಕು ಅಂತ ಕೇಳಿದೆ. 2009ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದ ಬಗ್ಗೆ ಹೇಳಿದರು. ಈ ತೊಂದರೆಯಿದ್ದ 338 ದಪ್ಪ ಹೆಂಗಸರನ್ನು ಎರಡು ಗುಂಪು ಮಾಡಿದ್ದರಂತೆ. ಆಹಾರ, ವ್ಯಾಯಾಮದಿಂದ ಆರು ತಿಂಗಳಲ್ಲಿ ಸರಾಸರಿ ಶೇ. 8ರಷ್ಟು ತೂಕ ಇಳಿಸಿದವರಿಗೆ ಸೋರುವುದು ಶೇ. 47ರಷ್ಟು ಕಡಿಮೆಯಾಯಿತು. ಬರೀ ತಿಳಿವಳಿಕೆ ಪಡೆದ ಗುಂಪಿನಲ್ಲಿ ಶೇ. 28. ನನ್ನ 82 ಕೆಜಿಗೆ ಅಲ್ಲೇ ಲೆಕ್ಕ ಹಾಕಿದೆ, ಆರೂವರೆ ಕೆಜಿ ಚಿಲ್ಲರೆ. ಸಣ್ಣಗಾಗಿ ಬನ್ನಿ ಅಂದಿದ್ದರೆ ಆ ಬಾಗಿಲಿಗೆ ಮತ್ತೆ ಹೋಗುತ್ತಿರಲಿಲ್ಲ. ಆರೂವರೆ ಕೆಜಿ ಆದರೆ ಮಾತಾಡಬಹುದು.

ಕೀಗಲ್ ವ್ಯಾಯಾಮವನ್ನೂ ಹೇಳಿಕೊಟ್ಟರು. ಕೆಳಗಿನ ಸ್ನಾಯುಗಳನ್ನು ಒಳಕ್ಕೆಳೆದು ಹಿಡಿದು ಬಿಡುವುದು, ಉಸಿರು ಮಾತ್ರ ಕಟ್ಟಬಾರದು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಹೊರಗೆ ಹೊರಡುವ ದಿನ ನೀರನ್ನೇ ಕುಡಿಯದ ನನ್ನ ಉಪಾಯಕ್ಕೆ ಮಾತ್ರ ಬೇಡವೆಂದು ತಲೆಯಾಡಿಸಿದರು. ಮೂತ್ರ ಗಟ್ಟಿಯಾದರೆ ಮೂತ್ರಕೋಶ ಇನ್ನಷ್ಟು ಕೆರಳಿ ಅವಸರ ಹೆಚ್ಚಬಹುದಂತೆ.

ನಾಲ್ಕು ಕೆಜಿ ಇಳಿದಿದೆ. ನಗುವಾಗ ಕಾಲು ಹೆಣೆದುಕೊಳ್ಳುವುದು ತಪ್ಪಿದೆ, ಸೀನಿನ ಭಯ ಅರ್ಧ ಹೋಗಿದೆ. ಅಕ್ಕನನ್ನೂ ಒಮ್ಮೆ ತೋರಿಸಿಕೊ ಅಂತ ಪೀಡಿಸುತ್ತಿದ್ದೇನೆ. "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಬಿಡೇ" ಅಂತ ಅವಳು ಜಗ್ಗುತ್ತಿಲ್ಲ.