ಚಂಡಮಾರುತದ ಕೇಂದ್ರ ದೂರ ಇದ್ದರೂ ಗಾಳಿ ಹತ್ತಿರವೇ ಇರಬಹುದು

ಮಂಜೇಶ್ವರ, ಉಪ್ಪಳ ಕಡೆಯ ಮೀನುಗಾರರಿಗೆ ಹವಾಮಾನದ ಎಚ್ಚರಿಕೆ ತಲುಪಿಸುವುದು ನನ್ನ ಕೆಲಸ. ಸಾಗರಮಿತ್ರ ಅಂತ ಹುದ್ದೆಯ ಹೆಸರು. ವಾಟ್ಸಾಪ್ ಗ್ರೂಪಿಗೆ ಎಚ್ಚರಿಕೆ ಹಾಕಿದ ಕೂಡಲೇ ಬರುವ ಪ್ರಶ್ನೆ, "ಎಷ್ಟು ದೂರ ಉಂಟು?" ಐನೂರು ಕಿಲೋಮೀಟರ್ ಅಂದರೆ ಕೆಲವರಿಗೆ ನಿರಾಳ. ಈ ಲೆಕ್ಕ ಯಾಕೆ ಸಾಲದು ಅಂತ ನನಗೆ ಚೆನ್ನಾಗಿ ಅರ್ಥವಾದದ್ದು ದಕ್ಷಿಣ ಅಟ್ಲಾಂಟಿಕ್‌ನ ಚಂಡಮಾರುತಗಳ ಬಗ್ಗೆ ಓದಿದಾಗ.

ಚಂಡಮಾರುತಕ್ಕೆ ಸಾಮಾನ್ಯವಾಗಿ 26.5 ಡಿಗ್ರಿಯಷ್ಟಾದರೂ ಬೆಚ್ಚಗಿನ ನೀರು ಬೇಕು. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗ, ದಿಕ್ಕಿನಲ್ಲಿ ಜಾಸ್ತಿ ವ್ಯತ್ಯಾಸ ಇರಬಾರದು. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಇವೆರಡೂ ಕೂಡಿ ಬರುವುದು ಅಪರೂಪ. ಆದರೆ 2004ರ ಮಾರ್ಚ್‌ನಲ್ಲಿ ಬ್ರೆಜಿಲ್ ಎದುರಿನ ಕಡಲಲ್ಲಿ ಒಂದು ಸಾದಾ ವಾಯುಭಾರ ಕುಸಿತ ಹೆಚ್ಚು ಚಲಿಸದೆ ನಿಂತಿತು. ಮೇಲಿನ ಗಾಳಿ ಅದನ್ನು ಚದುರಿಸಲಿಲ್ಲ. ನೀರು ಅಷ್ಟೇನೂ ಬಿಸಿ ಇರಲಿಲ್ಲ, ಆದರೆ ಮೇಲಿನ ವಾತಾವರಣ ಎಂದಿಗಿಂತ ತಣ್ಣಗಿತ್ತು. ಆ ವ್ಯತ್ಯಾಸವೇ ಅದಕ್ಕೆ ಬಲವಾಯಿತು. ಮಾರ್ಚ್ 28ರಂದು ತೀರಕ್ಕೆ ಅಪ್ಪಳಿಸಿ ಸಾವಿರಾರು ಮನೆ ಹಾಳು ಮಾಡಿತು. ಅಲ್ಲಿ ಚಂಡಮಾರುತಕ್ಕೆ ಹೆಸರಿಡುವ ಪಟ್ಟಿಯೇ ಇರಲಿಲ್ಲ, ಸಾಂತಾ ಕ್ಯಾಟರೀನಾ ರಾಜ್ಯದ ಹೆಸರಿನಿಂದ ಕ್ಯಾಟರೀನಾ ಎಂದರು. 2011ರಿಂದ ಬ್ರೆಜಿಲ್ ನೌಕಾಪಡೆ ಹೆಸರಿಡುತ್ತಿದೆ.

ಆಮೇಲೆ ಅಲ್ಲಿ ಹೆಸರು ಪಡೆದವುಗಳಲ್ಲಿ ಹೆಚ್ಚಿನವು ಉಪೋಷ್ಣ ವಲಯದ ಚಂಡಮಾರುತಗಳು. ನನ್ನ ಕೆಲಸಕ್ಕೆ ಮುಖ್ಯವಾದದ್ದು ಇದೇ. ಇವು ಸ್ವಲ್ಪ ಶಕ್ತಿಯನ್ನು ಕಡಲಿನ ಬಿಸಿಯಿಂದ, ಸ್ವಲ್ಪವನ್ನು ತಂಪು ಮತ್ತು ಬೆಚ್ಚನೆಯ ಗಾಳಿ ಎದುರಾಗುವುದರಿಂದ ಪಡೆಯುತ್ತವೆ. ಜೋರು ಗಾಳಿ ನಡುವೆಯೇ ಇರಬೇಕೆಂದಿಲ್ಲ. ಕೇಂದ್ರದಿಂದ ನೂರು ಕಿಲೋಮೀಟರಿಗಿಂತ ಆಚೆಗೂ ಇರಬಹುದು. 2022ರ ಮೇ ತಿಂಗಳಲ್ಲಿ ಇಂಥದ್ದೇ ಒಂದು ಚಂಡಮಾರುತ, ಯಾಕೆಕಾನ್, ಬಂದಾಗ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದ ಗುವಾಯಿಬಾ ಸರೋವರದಲ್ಲಿ ದೋಣಿ ಮಗುಚಿ ಒಬ್ಬರು ಸತ್ತರು. ಚಂಡಮಾರುತದ ಕೇಂದ್ರ ಕಡಲಿನಲ್ಲಿತ್ತು!

ನಮ್ಮ ಅರಬ್ಬಿ ಸಮುದ್ರದವು ಬೇರೆ ಜಾತಿಯವು ನಿಜ. ಆದರೂ 2021ರ ತೌಕ್ತೆ ಚಂಡಮಾರುತವನ್ನು ನೆನೆಯಿರಿ. ಅದು ಮೇ 17ರಂದು ದಡ ಸೇರಿದ್ದು ಗುಜರಾತಿನಲ್ಲಿ. ನಮ್ಮೆದುರು ದೂರದಿಂದ ಹಾದು ಹೋಯಿತು, ಅಷ್ಟೇ. ಆದರೂ ಉಪ್ಪಳದ ಮುಸೋಡಿಯಲ್ಲಿ ಕಡಲು ಮನೆ ಕೆಡವಿತು. ಇನ್ನು ಕಳ್ಳಕ್ಕಡಲ್, ಅಂದರೆ ಕಳ್ಳನ ಹಾಗೆ ಸುಳಿವಿಲ್ಲದೆ ದಡಕ್ಕೆ ನುಗ್ಗುವ ಕಡಲು. ಅದರ ಅಲೆಗಳು ಹುಟ್ಟುವುದೇ ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ಸಾವಿರಾರು ಕಿಲೋಮೀಟರ್ ದಾಟಿ ಇಲ್ಲಿಗೆ ಮುಟ್ಟುತ್ತವೆ, ಇಲ್ಲಿ ಆಕಾಶ ತಿಳಿಯಾಗಿದ್ದರೂ.

ಹಾಗಾಗಿ ನನ್ನ ಸಂದೇಶದ ಮೊದಲ ಸಾಲು ಗಾಳಿಯದ್ದು. ಮೀನುಗಾರರು ಬಲೆ ಹಾಕುವ ಜಾಗದಲ್ಲಿ ಗಾಳಿ ಎಷ್ಟು, ಎಷ್ಟು ಗಂಟೆಯವರೆಗೆ. ಎರಡನೆಯದು ಅಲೆಯ ಎತ್ತರ, ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಸಂಸ್ಥೆ ಇನ್‌ಕಾಯ್ಸ್ ಕೊಟ್ಟದ್ದು. ಮೂರನೆಯದು ದೋಣಿ ಎಳೆದು ಮೇಲಿಡಬೇಕೇ ಎಂಬುದು. ಕೇಂದ್ರ ಎಲ್ಲಿದೆ ಎಂಬುದು ಕೊನೆಗೆ. "ಈ ತಿಂಗಳಲ್ಲಿ ಬರುವುದಿಲ್ಲ ಬಿಡು" ಅನ್ನುವ ಹಿರಿಯರ ಜೊತೆ ವಾದಕ್ಕೆ ನಿಲ್ಲುವುದಿಲ್ಲ, ಅವರ ಅನುಭವ ದೊಡ್ಡದು. "ಈಗ ನೀರು ಎಷ್ಟು ಬೆಚ್ಚಗಿದೆ ನೋಡಿ ಅಣ್ಣ" ಅಂತ ಮ್ಯಾಪ್ ತೋರಿಸುತ್ತೇನೆ. ಕನ್ನಡ, ಮಲಯಾಳದಲ್ಲಿ ಬರೆದು ಹಾಕಿ, ಓದಲು ಬಾರದವರಿಗೆ ಅದನ್ನೇ ತುಳುವಿನಲ್ಲಿ ಮಾತಾಡಿ ಕಳಿಸುತ್ತೇನೆ.