ಗೇಟಿನಾಚೆಯ ಗೂಡಂಗಡಿ

ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಈ ಸಲ ಮಾರ್ಕ್ಸ್‌ಗಿಂತ ಜಾಸ್ತಿ ಚರ್ಚೆಯಾಗಿದ್ದು ಗೇಟಿನಾಚೆಯ ಗೂಡಂಗಡಿ. ಹೊರಗೆ ಚಿಕ್ಕಮಗಳೂರಿನ ಮಳೆ, ಹಾಗಾಗಿ ಯಾರಿಗೂ ಏಳುವ ಆತುರವಿರಲಿಲ್ಲ.

2003ರ ಕೇಂದ್ರ ಕಾಯ್ದೆ ಪ್ರಕಾರ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. ನಮ್ಮ ರಾಜ್ಯದ ತಿದ್ದುಪಡಿ ಬಂದ ಮೇಲೆ 21 ತುಂಬದವರಿಗೂ ಕೊಡುವಂತಿಲ್ಲ. ತಪ್ಪಿದರೆ ದಂಡ ಸಾವಿರ ರೂಪಾಯಿವರೆಗೆ. ಅಷ್ಟಕ್ಕೆ ಯಾರು ಹೆದರ್ತಾರೆ, ಅಲ್ವಾ? 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಮಾತ್ರ ತಮಾಷೆಯಲ್ಲ. ಮಕ್ಕಳ ಕೈಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟರೆ 7 ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ.

ಇದನ್ನು ಓದಿ ಹೇಳಿದ್ದೇ ತಡ, ಒಬ್ಬರು 'ನಾನು ಸಿಗರೇಟ್ ತರಿಸೋದೇ ಮಗನ ಕೈಲಿ!' ಅಂದರು. ಸಭೆ ಘೊಳ್ಳೆಂದು ನಕ್ಕಿತು. ಪೊಲೀಸರಿಗೆ ಅರ್ಜಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.